ಕಣ್ಣಿಗೆ ಕಾಣದ ಸಾಫ್ಟ್‌ವೇರ್‌ಗೆ ಫೋಟೊ ತೆಗೆಯುವುದು ಹೇಗೆ?

ಐಟಿ ಕಂಪನಿಯ ಪ್ರಚಾರಕ್ಕೆ ಫೋಟೊ ಬೇಕು ಅಂದ ಕೂಡಲೇ ಹತ್ತು ಜನ ಕೈಕಟ್ಟಿ ಸಾಲಾಗಿ ನಿಲ್ಲುತ್ತಾರೆ. ಹಿಂದೆ ಲೋಗೊ. ಮದುವೆ ಮನೆಯ ಗ್ರೂಪ್ ಫೋಟೊಗೂ ಇದಕ್ಕೂ ಏನು ವ್ಯತ್ಯಾಸ? ಕಂಪನಿ ಮಾಡುವ ಕೆಲಸ ಅದರಲ್ಲಿ ಎಲ್ಲೂ ಕಾಣುವುದಿಲ್ಲ.

1969ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ತೆಗೆದ ಫೋಟೊ ಒಂದಿದೆ. ಚಂದ್ರನಿಗೆ ಹೋದ ಅಪೊಲೊ ನೌಕೆಗೆ ಸಾಫ್ಟ್‌ವೇರ್ ಬರೆದ ತಂಡದ ಮುಖ್ಯಸ್ಥೆ ಮಾರ್ಗರೆಟ್ ಹ್ಯಾಮಿಲ್ಟನ್ ನಿಂತಿದ್ದಾರೆ. ಪಕ್ಕದಲ್ಲಿ ಅವರಷ್ಟೇ ಎತ್ತರಕ್ಕೆ ಕೋಡ್‌ನ ಪ್ರಿಂಟ್‌ಔಟ್ ರಾಶಿ. ಅಷ್ಟೇ. ಎಷ್ಟು ದುಡಿದಿದ್ದಾರೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಅದೇ ಉಪಾಯ ನಮಗೂ ಸಾಕು.

ಅಂಗಡಿ ಲೆಕ್ಕದ ಆ್ಯಪ್ ಮಾಡುವ ಕಂಪನಿ ಅಂದುಕೊಳ್ಳಿ. ಆ ಆ್ಯಪ್‌ನೊಳಗೆ ಸೇರಿಹೋಗುವ ಲೆಕ್ಕದ ಹಾಳೆಗಳನ್ನೇ ರಾಶಿ ಹಾಕಿ ತೋರಿಸೋಣ. ಮೊದಲು ಲೆಕ್ಕ ಹಾಕಿ. ಮಾಮೂಲಿ ದಪ್ಪದ (80 ಜಿಎಸ್‌ಎಂ) 500 ಎ4 ಹಾಳೆಗಳ ಒಂದು ಕಟ್ಟು, ಅಂದರೆ ರೀಮ್, ಸುಮಾರು 5 ಸೆಂ.ಮೀ. ದಪ್ಪ, ಎರಡೂವರೆ ಕೆ.ಜಿ. ತೂಕ. ಐದಡಿ ರಾಶಿಗೆ 30 ರೀಮ್ ಬೇಕು, ಅಂದರೆ 75 ಕೆ.ಜಿ. ಲಿಫ್ಟ್ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ! ಹಾಳೆಗೆ 2,000 ಇಂಗ್ಲಿಷ್ ಅಕ್ಷರದಂತೆ ಹಿಡಿದರೂ ಇಷ್ಟೂ ಸೇರಿ 30 ಎಂಬಿ, ಮೊಬೈಲಿನಲ್ಲಿ ಐದಾರು ಫೋಟೊ ಹಿಡಿಯುವ ಜಾಗ. ಹಾಗಾಗಿ ರಾಶಿಯ ಪಕ್ಕ ನಿಂತವರ ಕೈಯಲ್ಲಿ ಮೊಬೈಲ್ ಇರಲಿ.

ಹೊಸ ರೀಮ್ ಮಾತ್ರ ಜೋಡಿಸಬೇಡಿ. ನಾನು ಒಮ್ಮೆ ಹಾಗೆ ಮಾಡಿ ಕೆಟ್ಟೆ. ಫೋಟೊದಲ್ಲಿ ಬಿಳಿ ಫ್ರಿಜ್ ನಿಂತ ಹಾಗಿತ್ತು. ರದ್ದಿ ಅಂಗಡಿಯಿಂದ ಹಳೆ ಹಾಳೆ ತನ್ನಿ. ಅಂಚು ಮಾಸಿರಲಿ, ಅಲ್ಲಲ್ಲಿ ಒಂದೆರಡು ಹಾಳೆ ಹೊರಗೆ ಇಣುಕಲಿ, ನಡುವೆ ಕೆಂಪು ಬಟ್ಟೆ ರಟ್ಟಿನ ಲೆಕ್ಕದ ಪುಸ್ತಕವೂ ಇರಲಿ. ಯಾರದೋ ಹೆಸರು, ಫೋನ್ ನಂಬರ್ ಕ್ಯಾಮೆರಾಗೆ ಕಾಣದ ಹಾಗೆ ನೋಡಿಕೊಳ್ಳಿ. ರಾಶಿಯನ್ನು ಗೋಡೆಗೆ ಒರಗಿಸಿ, ಹಿಂಬದಿಯಲ್ಲಿ ಹಗ್ಗ ಬಿಗಿಯಿರಿ.

ಬೆಳಕು ಪಕ್ಕದ ಕಿಟಕಿಯಿಂದ ಬರಬೇಕು. ಆಗ ಹಾಳೆಗಳ ಅಂಚು ಗೆರೆಗೆರೆಯಾಗಿ ಎದ್ದು ಕಾಣುತ್ತದೆ. ಆಫೀಸಿನ ದೀಪ ಆರಿಸಿ. ಆಗದಿದ್ದರೆ ಕ್ಯಾಮೆರಾದ ಶಟರ್ ವೇಗ ಸೆಕೆಂಡಿನ 1/50 ಅಥವಾ 1/100ಕ್ಕೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರ್ ಜಾಸ್ತಿ ವೇಗವಾದರೆ ಫೋಟೊದಲ್ಲಿ ಕಪ್ಪು ಪಟ್ಟಿ ಬೀಳಬಹುದು. ಕ್ಯಾಮೆರಾ ಸೊಂಟದೆತ್ತರಕ್ಕಿರಲಿ.

ಇನ್ನು ನಿಲ್ಲಿಸುವುದು ಯಾರನ್ನು? ಎಂಡಿ ಸಾಹೇಬರು ಬೇಸರ ಮಾಡಿಕೊಂಡರೂ ಸರಿ, ಕೋಡ್ ಬರೆದವರನ್ನೇ ನಿಲ್ಲಿಸಿ. ‘ಸ್ಮೈಲ್ ಪ್ಲೀಸ್’ ಅನ್ನಬೇಡಿ. ‘ಮೇಡಂ, ಕೆಳಗಿಂದ ಹತ್ತನೇ ಹಾಳೆ ಸ್ವಲ್ಪ ಎಳೀರಿ’ ಅನ್ನಿ. ಅವರು ರಾಶಿಯನ್ನೊಮ್ಮೆ, ನಿಮ್ಮನ್ನೊಮ್ಮೆ ನೋಡಿ ನಕ್ಕೇ ನಗುತ್ತಾರೆ. ಆಗ ಕ್ಲಿಕ್ ಮಾಡಿ.