ಫಾಲ್ಸ್ ಆಫ್ ದಿ ಓಹಾಯೊ: ನದಿ ಇಳಿದಾಗ ಹೋಗಿ, ಕಲ್ಲಿನಿಂದ ಶುರುಮಾಡಿ

ಇಂಡಿಯಾನಾದ ಕ್ಲಾರ್ಕ್ಸ್‌ವಿಲ್‌ನಲ್ಲಿ, ಓಹಾಯೊ ನದಿಯ ಆಚೆಗಿರುವ ಲೂಯಿವಿಲ್ ನಗರದ ಎದುರು ದಂಡೆಯಲ್ಲಿ ಈ ಸ್ಟೇಟ್ ಪಾರ್ಕ್ ಇದೆ. ಹೆಸರಿನಲ್ಲಿ ‘ಫಾಲ್ಸ್’ ಇದೆಯೆಂದು ಧುಮ್ಮಿಕ್ಕುವ ಜಲಪಾತವನ್ನು ಹುಡುಕಬೇಡಿ. ಇಲ್ಲಿದ್ದದ್ದು ಸುಮಾರು ಎರಡು ಮೈಲಿಯಲ್ಲಿ 26 ಅಡಿ ಇಳಿಯುವ ರಭಸದ ಹರಿವು. ಅದರ ಬಹುಪಾಲು ಈಗ ಅಣೆಕಟ್ಟಿನ ನೀರಿನಡಿ ಸೇರಿದೆ. ನೋಡಬೇಕಾದದ್ದು ಆ ಹರಿವನ್ನು ಹುಟ್ಟಿಸಿದ ಸುಣ್ಣಕಲ್ಲಿನ ಹಾಸು. ಸುಮಾರು 39 ಕೋಟಿ ವರ್ಷಗಳ ಹಿಂದೆ ಈ ನೆಲ ಭೂಮಧ್ಯರೇಖೆಯ ದಕ್ಷಿಣಕ್ಕೆ, ಬೆಚ್ಚನೆಯ ಆಳವಿಲ್ಲದ ಕಡಲಿನಡಿ ಇತ್ತು. ಆಗ ಬೆಳೆದ ಹವಳಗಳೇ ಕಲ್ಲಿನ ತುಂಬ. ಇಲ್ಲಿನ ಊರು, ಕಾಲುವೆ, ಹಕ್ಕಿ ಎಲ್ಲಕ್ಕೂ ಈ ಕಲ್ಲೇ ಮೂಲ. ಹಾಗಾಗಿ ಮೊದಲು ಕಲ್ಲಿನ ಮೇಲೆ ನಡೆದಾಡಿ, ಆಮೇಲೆ ಮ್ಯೂಸಿಯಂ ಹೊಕ್ಕರೆ ಅಲ್ಲಿನ ಪ್ರತಿಯೊಂದೂ ಅರ್ಥವಾಗುತ್ತದೆ.

ದಿನ ಗೊತ್ತುಮಾಡುವ ಮುಂಚೆ ನದಿಯ ಮಟ್ಟ ನೋಡಿಕೊಳ್ಳಿ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಜಾಲತಾಣದಲ್ಲಿ ಮ್ಯಾಕ್‌ಆಲ್ಪೈನ್ ಅಣೆಕಟ್ಟಿಗೆ ‘ಅಪ್ಪರ್’, ‘ಲೋವರ್’ ಎಂದು ಎರಡು ಮಾಪನಗಳಿವೆ. ಹಲವರು ಎಡವುವುದು ಇಲ್ಲೇ. ದೋಣಿಗಳ ಓಡಾಟಕ್ಕೆಂದು ಮೇಲ್ಬದಿಯ ನೀರನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹಿಡಿದಿಡುವುದರಿಂದ ಆ ಅಂಕಿಯಿಂದ ನಿಮಗೆ ಹೆಚ್ಚೇನೂ ತಿಳಿಯದು. ನೀವು ನೋಡಬೇಕಾದ ಬಂಡೆಹಾಸು ಅಣೆಕಟ್ಟಿನ ಕೆಳಬದಿಯಲ್ಲಿದೆ. ‘ಲೋವರ್’ ನೋಡಿ, ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನೂ ಗಮನಿಸಿ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನೀರು ಸಾಮಾನ್ಯವಾಗಿ ಅತಿ ಕಡಿಮೆ. ವಸಂತದ ನೆರೆಯಲ್ಲಿ ಹೋದರೆ ಹವಳ ಕಾಣುವುದಿಲ್ಲ, ಕೊಚ್ಚಿಬಂದ ಮರದ ದಿಮ್ಮಿಗಳಷ್ಟೇ ಕಾಣುತ್ತವೆ. ಹಿಂದಿನ ದಿನ ಪಾರ್ಕಿಗೆ ಫೋನ್ ಮಾಡಿ ಹಾಸು ಎಷ್ಟು ತೆರೆದಿದೆ ಎಂದು ಕೇಳಿದರೆ ಇನ್ನೂ ಒಳ್ಳೆಯದು.

ಹಿಡಿತವಿರುವ ಶೂ ಹಾಕಿಕೊಳ್ಳಿ. ನೀರು ಇಳಿದ ಮೇಲೂ ಕಲ್ಲಿನ ಮೇಲೆ ನುಣ್ಣನೆಯ ಕೆಸರು, ಪಾಚಿ ಉಳಿದಿರುತ್ತದೆ, ಚಪ್ಪಲಿ ಜಾರುತ್ತದೆ. ಒಂದು ಲೀಟರಿನ ನೀರಿನ ಬಾಟಲಿ, ಮೆತ್ತನೆಯ ಬ್ರಷ್ಷು ಜೊತೆಗಿರಲಿ. ನಿಂತುಕೊಂಡೇ ನೋಡಿದವರಿಗೆ ಬರೀ ಬೂದು ಬಂಡೆ ಕಂಡೀತು. ಮಂಡಿಯೂರಿ ಕುಳಿತು, ಅಂಗೈಯಗಲ ಜಾಗವನ್ನು ಗುಡಿಸಿ, ನೀರು ಸುರಿಯಿರಿ. ಒದ್ದೆಯಾದ ಕಲ್ಲು ಕಪ್ಪಾಗುತ್ತಿದ್ದಂತೆ ಹವಳದ ಅಂಚುಗಳು ಬೇರೆಯಾಗಿ ಎದ್ದು ಕಾಣುತ್ತವೆ. ಹಸುವಿನ ಕೊಂಬಿನ ಹಾಗೆ ಬಾಗಿ, ಅಡ್ಡ ಕಡಿದ ಕಡೆ ಚಕ್ರದ ಕಡ್ಡಿಗಳಂತೆ ಗೆರೆಗಳಿದ್ದರೆ ಅದು ಕೊಂಬಿನ ಹವಳ. ಜೇನುಹುಟ್ಟಿನಂತೆ ಒತ್ತೊತ್ತಾದ ಆರುಮೂಲೆಯ ಗೂಡುಗಳಿದ್ದರೆ ಅದು ಫೇವೊಸೈಟಿಸ್ ಎಂಬ ಹವಳ. ಕೊಂಬಿನ ಹೊರಮೈ ಉಳಿದಿದ್ದರೆ ಅಡ್ಡ ಸುಕ್ಕುಗಳನ್ನೂ ಗಮನಿಸಿ. ಈ ಕಲ್ಲು ಹುಟ್ಟಿದ ಕಾಲವನ್ನು ಡೆವೋನಿಯನ್ ಯುಗ ಎನ್ನುತ್ತಾರೆ. ಅದೇ ಯುಗದ ಇಂಥ ಹವಳಗಳಲ್ಲಿ ದಿನಕ್ಕೊಂದರಂತೆ ಮೂಡಿದ ಸೂಕ್ಷ್ಮ ಗೆರೆಗಳನ್ನು ಎಣಿಸಿ, ಆಗ ವರ್ಷಕ್ಕೆ ಸುಮಾರು 400 ದಿನಗಳಿದ್ದವೆಂದು ಪಳೆಯುಳಿಕೆ ವಿಜ್ಞಾನಿ ಜಾನ್ ವೆಲ್ಸ್ 1963ರಲ್ಲಿ ತೋರಿಸಿದರು. ಭೂಮಿ ಆಗ ಇನ್ನೂ ಬೇಗ ತಿರುಗುತ್ತಿತ್ತು.

ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಉಬ್ಬುತಗ್ಗು ಚೆನ್ನಾಗಿ ತೋರುತ್ತದೆ. ತಂತಿ ಬ್ರಷ್ಷು ಬೇಡ, ವಿನೆಗರ್ ಅಂತೂ ಬೇಡವೇ ಬೇಡ: ಹುಳಿ ಸುಣ್ಣಕಲ್ಲನ್ನು ತಿನ್ನುತ್ತದೆ. ಒಂದು ಚೂರನ್ನೂ ಎತ್ತಿಕೊಂಡು ಹೋಗುವಂತಿಲ್ಲ; ಕಾನೂನಿನ ನಿಷೇಧವಿದೆ. ಮೇಲೆ ಗೇಟು ತೆರೆದರೆ ನೀರು ಏರಬಹುದು, ಆದ್ದರಿಂದ ಹರಿಯುವ ಕವಲನ್ನು ದಾಟಿ ಆಚೆ ಹೋಗಬೇಡಿ. ಮಕ್ಕಳನ್ನು ಕೈಯಳತೆಯಲ್ಲೇ ಇಟ್ಟುಕೊಳ್ಳಿ.

ಈಗ ತಲೆಯೆತ್ತಿ ನದಿ ನೋಡಿ. ಇಷ್ಟು ದೊಡ್ಡ ನದಿಯನ್ನು ದಾಟಲು ಅಮೆರಿಕದ ಕಾಡೆಮ್ಮೆಗಳ (ಬೈಸನ್) ಹಿಂಡಿಗೆ ಸಿಕ್ಕ ಆಳವಿಲ್ಲದ ಜಾಗ ಇದು. ಅವು ತುಳಿದ ಹಾದಿಯಲ್ಲೇ ಮುಂದೆ ಜನರೂ ನಡೆದರು. ದೋಣಿಯವರು ಇಲ್ಲಿ ನಿಲ್ಲಲೇಬೇಕಾದ್ದರಿಂದ ದಂಡೆಗಳಲ್ಲಿ ಊರು ಬೆಳೆದವು. ಅಮೆರಿಕದ ಪಶ್ಚಿಮ ಭಾಗವನ್ನು ಶೋಧಿಸುವ ತಂಡದ ನಾಯಕ ಮೆರಿವೆದರ್ ಲೂಯಿಸ್ 1803ರ ಅಕ್ಟೋಬರ್ 14ರಂದು ಬಂದು ಜೊತೆ ನಾಯಕ ವಿಲಿಯಂ ಕ್ಲಾರ್ಕ್‌ರನ್ನು ಕೂಡಿಕೊಂಡದ್ದು ಇಲ್ಲೇ. 26ರಂದು ಅವರು ಕ್ಲಾರ್ಕ್ಸ್‌ವಿಲ್‌ನಿಂದ ಹೊರಟರು. ಕ್ಲಾರ್ಕ್ ಗುಲಾಮನಾಗಿ ಇಟ್ಟುಕೊಂಡಿದ್ದ ಯಾರ್ಕ್ ಕೂಡ ಆ ತಂಡದಲ್ಲಿದ್ದ. ಅವನ ಹೆಸರನ್ನು ಬಿಟ್ಟು ಈ ಕಥೆ ಹೇಳಬಾರದು. ಈ ಬಂಡೆಯನ್ನು ಬಳಸಿ ಹೋಗಲೆಂದೇ ಎದುರು ದಂಡೆಯಲ್ಲಿ 1830ರಲ್ಲಿ ಕಾಲುವೆ ತೆರೆಯಿತು.

ಹಕ್ಕಿಗಳಿಗೂ ಕಲ್ಲೇ ಆಸರೆ. ಗುಂಡಿಗಳಲ್ಲಿ ಸಿಕ್ಕಿಬಿದ್ದ ಮೀನಿಗಾಗಿ ಬಕಪಕ್ಷಿಗಳು ಕಾದು ನಿಲ್ಲುತ್ತವೆ. ಲೂಯಿವಿಲ್‌ನಲ್ಲಿ ನೆಲೆಸಿದ್ದ ಹಕ್ಕಿಗಳ ಹೆಸರಾಂತ ಚಿತ್ರಕಾರ ಜಾನ್ ಜೇಮ್ಸ್ ಆಡುಬಾನ್ ಇಲ್ಲಿನ ಹಕ್ಕಿಗಳನ್ನು ಚಿತ್ರಿಸಿದ್ದರು. 8×42 ಬೈನಾಕ್ಯುಲರ್ ಸಾಕು, ಆದರೆ ಜನ ಸೇರುವ ಮುಂಚೆ ಬನ್ನಿ.

ನೆರೆ ಇಳಿದ ಮೇಲೆ ದಂಡೆಯ ತುಂಬ ಪ್ಲಾಸ್ಟಿಕ್ ಉಳಿಯುತ್ತದೆ. ಸ್ವಯಂಸೇವಕರು ಸೇರಿ ಅದನ್ನು ಹೆಕ್ಕುವ ದಿನ ಯಾವುದೆಂದು ಪಾರ್ಕಿನಲ್ಲಿ ವಿಚಾರಿಸಿ. ಊರಿನವರ ಪರಿಚಯಕ್ಕೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ದಪ್ಪ ಕೈಗವಸು ಒಯ್ಯಿರಿ. ದಿಮ್ಮಿಗಳ ನಡುವೆ ಒಡೆದ ಗಾಜು ಇರುತ್ತದೆ.