ಕಾನಿಗೆ ಜೆಸಿಬಿ ಬರುವ ಮೊದಲು ಊರು ಮಾಡಿಕೊಳ್ಳಬೇಕಾದ ಕೆಲಸ

1983ರ ಸೆಪ್ಟೆಂಬರಿನಲ್ಲಿ ನಮ್ಮ ಶಿರಸಿ ಸೀಮೆಯ ಸಾಲ್ಕಣಿಯವರು ಕಾಡಿಗೆ ಹೋಗಿ ಮರ ಅಪ್ಪಿಕೊಂಡರು. ಮರ ಕಡಿಯುವುದನ್ನು ತಡೆಯುವ ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಈಗ ಅಷ್ಟು ಹೊತ್ತು ಕಾಯುವಂತಿಲ್ಲ. ಕೊಡಲಿಗೆ ವಾರ ಹಿಡಿಯುತ್ತಿದ್ದ ಕೆಲಸವನ್ನು, ರಸ್ತೆ ಮಾಡಲೆಂದು ಕಾನಿಗೆ, ಅಂದರೆ ನಮ್ಮ ದಟ್ಟ ಹಸಿರು ಕಾಡಿಗೆ, ಬರುವ ಜೆಸಿಬಿ ಬೆಳಗಾಗುವುದರೊಳಗೆ ಮುಗಿಸುತ್ತದೆ. ಅದಕ್ಕೇ ನಾನು ಊರೂರಿನ ಹೆಂಗಸರಿಗೆ ಹೇಳುವುದು: ಕಾಗದಪತ್ರ ಮೊದಲೇ ಸಿದ್ಧವಿರಲಿ.

ಶುರು ಮಾಡುವುದು ನಡಿಗೆಯಿಂದ. ಸೊಪ್ಪಿಗೆ, ಜೇನಿಗೆ, ಉಪ್ಪಾಗೆಯ ಹುಳಿ ಹಣ್ಣಿಗೆ ಹೋಗುವವರನ್ನೇ ಕರೆದುಕೊಂಡು ಕಾನು ಸುತ್ತಿ. ಮೊಬೈಲಿನಲ್ಲಿ ಲೊಕೇಶನ್ ಆನ್ ಮಾಡಿ, ದಿನಾಂಕ ಬೀಳುವಂತೆ ಫೋಟೊ ತೆಗೆಯಿರಿ. ರಾಂಪತ್ರೆ ಜಡ್ಡಿ (ರಾಂಪತ್ರೆ ಮರಗಳು ಬೆಳೆಯುವ ಜೌಗು ಜಾಗ) ಎಲ್ಲಿದೆ, ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಯಾವ ಪೊಟರೆಯಲ್ಲಿ ಗೂಡು ಮಾಡುತ್ತದೆ, ಸಿಂಗಳೀಕದ ಗುಂಪು ಯಾವ ಮರಗಳ ಮೇಲೆ ದಾಟುತ್ತದೆ, ಎಲ್ಲ ಬರೆಯಿರಿ. ಸಿಂಗಳೀಕ ನೆಲಕ್ಕಿಳಿಯುವುದು ತೀರಾ ಅಪರೂಪ. ರಸ್ತೆಗೆಂದು ಮೇಲಿನ ಕೊಂಬೆಗಳು ಬೇರೆಯಾದರೆ ಗುಂಪಿನ ದಾರಿಯೇ ಕಡಿಯಿತು. ರಸ್ತೆಯ ಚರಂಡಿ ನೀರನ್ನು ಬೇರೆಡೆಗೆ ತಿರುಗಿಸಿದರೆ ಜಡ್ಡಿ ಒಣಗುತ್ತದೆ. ಈ ದಾಖಲೆ ಪಂಚಾಯ್ತಿಯ ಜೀವವೈವಿಧ್ಯ ದಾಖಲಾತಿಗೂ ಸೇರಲಿ. ಅದಕ್ಕೆ 2002ರ ಜೀವವೈವಿಧ್ಯ ಕಾಯ್ದೆಯ ಬಲವಿದೆ. ಗೂಡಿನ ಜಾಗವನ್ನು ಮಾತ್ರ ವಾಟ್ಸಾಪಿನಲ್ಲಿ ಹಂಚಬೇಡಿ.

ಆಮೇಲೆ ರಸ್ತೆ ಬೇಕು ಅನ್ನುವವರ ಮನೆಗೆ ಹೋಗಿ. ಇದನ್ನು ಬಿಟ್ಟು ಯಾವ ಹೋರಾಟವೂ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಬಸುರಿಯನ್ನು ಕಂಬಳಿಯಲ್ಲಿ ಹೊತ್ತು ಹಳ್ಳ ದಾಟಿಸಿದವರಿಗೆ ಕಾಡಿನ ಮಹಿಮೆ ಹೇಳುವುದು ಅನ್ಯಾಯ. ಅವರಿಗೆ ಬೇಕಾದ್ದು ಹಲವು ಸಲ ಹಳ್ಳ ದಾಟಲು ಗಟ್ಟಿ ಕಾಲುಸಂಕ (ನಡೆದು ದಾಟುವ ಕಿರುಸೇತುವೆ), ಇರುವ ಮಣ್ಣುದಾರಿಯ ರಿಪೇರಿ, ಹಳ್ಳದಾಚೆ ಅಂಬುಲೆನ್ಸ್ ತಿರುಗುವಷ್ಟು ಜಾಗ. ಕಾನಿನ ನಡುವೆ ಡಾಂಬರು ಬೇಡ ಅನ್ನುವ ಅರ್ಜಿಯಲ್ಲೇ ಈ ಮೂರನ್ನೂ ಕೇಳಿ. ಅವರ ಸಹಿಯೇ ಮೊದಲಿರಲಿ.

2006ರ ಅರಣ್ಯ ಹಕ್ಕು ಕಾಯ್ದೆಯ ಐದನೇ ಕಲಮು ಕಾಡು, ವನ್ಯಜೀವಿ, ಜಲಮೂಲ ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ. ಅದೇ ಕಾಯ್ದೆಯಡಿ ಊರಿನ ಸೌಲಭ್ಯಕ್ಕೆ ಅಂತ ರಸ್ತೆ ಮಾಡುವುದಾದರೂ ಒಂದು ಹೆಕ್ಟೇರಿಗಿಂತ ಕಮ್ಮಿ ಜಾಗ, ಹೆಕ್ಟೇರಿಗೆ 75 ಮರಗಳ ಮಿತಿ, ಮೇಲಿಂದ ಗ್ರಾಮಸಭೆಯ ಶಿಫಾರಸು ಬೇಕೇ ಬೇಕು. ಸಭೆಗೆ ಅರ್ಧದಷ್ಟು ಸದಸ್ಯರು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು. ಅಡಿಕೆ ಕೊಯ್ಲಿನ ದಿನ ಸಭೆ ಇಟ್ಟರೆ ಯಾರೂ ಬರುವುದಿಲ್ಲ. ಕಾನಿನ ನಡುವೆ ರಸ್ತೆ ಬೇಡ ಅನ್ನುವ ಸಭೆಯ ಠರಾವಿನಲ್ಲಿ (ನಿರ್ಣಯದಲ್ಲಿ) ಸರ್ವೆ ನಂಬರ್ ಬರೆಸಿ, ನಕ್ಷೆ ಅಂಟಿಸಿ, ದೃಢೀಕೃತ ಪ್ರತಿ ಪಡೆಯಿರಿ.

ಮರಗಳ ಮೇಲೆ ಕೆಂಪು ಬಣ್ಣದ ಗುರುತು, ಸರ್ವೆ ಕಲ್ಲು ಕಂಡ ದಿನವೇ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ಅರಣ್ಯ ಅನುಮತಿ ಪತ್ರ, ಕಡಿಯುವ ಮರಗಳ ಪಟ್ಟಿ, ಕಾಮಗಾರಿಯ ಅಂದಾಜುಪಟ್ಟಿ ಕೇಳಿ. ಉತ್ತರಕ್ಕೆ 30 ದಿನ ಬೇಕಾಗಬಹುದು. ಅಷ್ಟರೊಳಗೆ ವಲಯ ಅರಣ್ಯಾಧಿಕಾರಿಗೆ, ವಿಭಾಗದ ಅರಣ್ಯಾಧಿಕಾರಿಗೆ (ಡಿಎಫ್‌ಒ) ಠರಾವಿನ ಪ್ರತಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಯಂತ್ರದ ಎದುರು ಒಬ್ಬರೇ ಹೋಗಿ ಜಗಳವಾಡಬೇಡಿ.

ನಮ್ಮ ಕೈಯಿಂದ ಆಗುವ ಹಾನಿಯನ್ನೂ ನಿಲ್ಲಿಸಬೇಕು. ಉಪ್ಪಾಗೆ ಹಣ್ಣು ಸಿಂಗಳೀಕದ ಊಟವೂ ಹೌದು. ಕೊಂಬೆ ಕಡಿಯಬಾರದು, ಕಾಯಿ ಬಡಿಯಬಾರದು, ಮರದಲ್ಲಿ ಒಂದಷ್ಟು ಬಿಡಬೇಕು ಅಂತ ಊರೇ ಕೂತು ತೀರ್ಮಾನಿಸಲಿ. ಮಳೆ ಹಿಡಿಯುವ ಮೊದಲೇ ಆ ಮಾತು ಮುಗಿಸಿ. ಹಣ್ಣು ಬಿದ್ದ ಮೇಲೆ ಕೂರಲು ಯಾರಿಗೂ ಪುರಸೊತ್ತಿರುವುದಿಲ್ಲ.