ಮುದ್ದೆ ಬಿಟ್ಟ 18 ದಿನ

ಡಿಸೆಂಬರ್ ಕೊನೆಯ ವಾರ. ಬೆಂಗಳೂರಿನ ಮಾರ್ಕೆಟ್ಟಿನ ತುಂಬ ಸೊಗಡವರೆಯ ಘಮ. ಅಂಥ ಹೊತ್ತಿನಲ್ಲಿ ನಾನು ಎಡಗಡೆ ಕೆಳಹೊಟ್ಟೆಯನ್ನು ಅಮುಕಿಕೊಂಡು, ಚಳಿಜ್ವರದಲ್ಲಿ ನಡುಗುತ್ತ ಆಸ್ಪತ್ರೆಯಲ್ಲಿ ಕೂತಿದ್ದೆ. ಸಿ.ಟಿ. ಸ್ಕ್ಯಾನ್ ಆಯಿತು. ದೊಡ್ಡ ಕರುಳಿನ ಗೋಡೆಯಲ್ಲಿ ಸಣ್ಣ ಸಣ್ಣ ಚೀಲದಂಥ ಉಬ್ಬುಗಳಾಗಿವೆ, ಅದರಲ್ಲೊಂದು ಬಾತು ಸೋಂಕಾಗಿದೆ ಅಂದರು ಡಾಕ್ಟರು. ಡೈವರ್ಟಿಕ್ಯುಲೈಟಿಸ್. ಎರಡು ದಿನ ಡ್ರಿಪ್ಪು, ಆಂಟಿಬಯಾಟಿಕ್, ಬಾಯಿಗೆ ಎಳನೀರು ಮತ್ತು ಗಂಜಿ ತಿಳಿ ಮಾತ್ರ. ಮನೆಗೆ ಕಳಿಸುವಾಗ ಹೇಳಿದ ಮಾತು: ಇನ್ನು ಎರಡೂವರೆ ವಾರ ನಾರು ಕಡಿಮೆ ಇರುವ ಊಟ.

ನಾನು ತುಮಕೂರು ಸೀಮೆಯವನು. ಬಿಳಿ ಅನ್ನ ತಿನ್ನುವವರನ್ನು ಕಂಡರೆ ಉಪದೇಶ ಮಾಡುವ ಜಾತಿ. ಆಫೀಸಿನಲ್ಲಿ ಮೈದಾ ಬಿಸ್ಕತ್ತು ತಿನ್ನುವವರಿಗೆಲ್ಲ ನಾರಿನ ಮಹಿಮೆ ಹೇಳಿ ತಲೆ ತಿಂದಿದ್ದೇನೆ. ಈಗ ನನಗೇ ಬಿಳಿ ಅನ್ನ, ಬಿಳಿ ಬ್ರೆಡ್ಡು ಔಷಧಿಯಾಗಿ ಬಂತು.

ಇನ್ನೊಂದು ತೊಡಕೂ ಇತ್ತು. ಆಸ್ಪತ್ರೆಯವರು ಕೊಟ್ಟ ಹಾಳೆಯಲ್ಲಿ ಮೊಟ್ಟೆ, ಮೀನು, ಕೋಳಿ, ಮೊಸರು, ಪನೀರು ಅಂತ ಬರೆದಿತ್ತು. ನಾನು ಮಾಂಸ ಮುಟ್ಟುವವನಲ್ಲ. ಮೂರು ವರ್ಷದಿಂದ ಹಾಲು ಮೊಸರನ್ನೂ ಬಿಟ್ಟಿದ್ದೇನೆ. ಮೈಗೆ ಒಗ್ಗದೆ ಶುರುವಾದದ್ದು, ಆಮೇಲೆ ಮನಸ್ಸಿಗೂ ಬೇಡವಾಯಿತು. ಆ ಹಾಳೆಯಲ್ಲಿ ನನ್ನ ಪಾಲಿಗೆ ಉಳಿದದ್ದು ಅನ್ನ ಮತ್ತು ಉಪ್ಪು. ಮಾರನೆಯ ದಿನ ಡಯಟೀಷಿಯನ್ ಮೇಡಂ ಹತ್ತಿರ ಕೂತು ಗಿಡಮೂಲದ ಪದಾರ್ಥಗಳಲ್ಲೇ ಪಟ್ಟಿ ಮಾಡಿಸಿಕೊಂಡೆ.

ಅವರು ಕೊಟ್ಟ ಮಿತಿ ದಿನಕ್ಕೆ 10ರಿಂದ 15 ಗ್ರಾಂ ನಾರು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ 2017ರ ಪಟ್ಟಿ ನೋಡಿದರೆ 100 ಗ್ರಾಂ ರಾಗಿಯಲ್ಲಿ 11 ಗ್ರಾಂ ಚಿಲ್ಲರೆ ನಾರು, ಗೋಧಿ ಹಿಟ್ಟಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಪಾಲಿಶ್ ಅಕ್ಕಿಯಲ್ಲಿ 2.8, ಮೈದಾದಲ್ಲೂ ಅದೇ ಆಸುಪಾಸು. ಎರಡು ಮುದ್ದೆಗೆ 200 ಗ್ರಾಂ ಹಿಟ್ಟು ಹಿಡಿದರೂ 22 ಗ್ರಾಂ ಆಯಿತು. ಕಾಲು ಕೆಜಿ ಅಕ್ಕಿ ಉಂಡರೆ 7 ಗ್ರಾಂ. ಲೆಕ್ಕ ಇಷ್ಟು ಸ್ಪಷ್ಟವಾಗಿ ಕಂಡ ಮೇಲೆ ವಾದ ಮಾಡಲು ಏನೂ ಉಳಿಯಲಿಲ್ಲ. ನಾರು ಸಣ್ಣ ಕರುಳಲ್ಲಿ ಅರಗುವುದಿಲ್ಲ. ದೊಡ್ಡ ಕರುಳಿಗೆ ಬಂದು ಮಲದ ಗಾತ್ರ ಹೆಚ್ಚಿಸುತ್ತದೆ, ಅಲ್ಲಿ ಹುಳಿತು ಗ್ಯಾಸೂ ಆಗುತ್ತದೆ. ಗಟ್ಟಿಮುಟ್ಟಾದ ಕರುಳಿಗೆ ಅದು ಒಳ್ಳೆಯ ವ್ಯಾಯಾಮ. ಬಾತ ಕರುಳಿಗೆ, ಉಳುಕಿದ ಕಾಲಲ್ಲಿ ಬೆಟ್ಟ ಹತ್ತಿಸಿದ ಹಾಗೆ.

ಊರಿನಿಂದ ಅಮ್ಮ ಬಂದಳು. ಮೊದಲ ದಿನ ಗೊಣಗಿದಳು: "ಮುದ್ದೆ ಬಿಟ್ರೆ ಶಕ್ತಿ ಎಲ್ಲಿಂದ ಬರ್ತದೋ?" ಆದರೆ ಮೇಡಂ ಹೇಳಿದ್ದನ್ನೆಲ್ಲ ಓದಿ ಹೇಳಿದ ಮೇಲೆ ನಕ್ಕುಬಿಟ್ಟಳು. "ಇದು ಬಾಣಂತಿಗೂ ಮಗೂಗೂ ಮಾಡೋ ಅಡುಗೆ ಕಣೋ. ಇದಕ್ಕೆ ಡಾಕ್ಟ್ರು ಬೇಕಾಯ್ತಾ?"

ಅವಳು ಹೇಳಿದ್ದು ನಿಜ. ಸಿಪ್ಪೆ ಹೆರೆಯುವುದು, ತಿರುಳಿನ ಬೀಜ ತೆಗೆಯುವುದು, ಮೆತ್ತಗೆ ಬೇಯಿಸುವುದು, ಬಟ್ಟೆಯಲ್ಲಿ ಸೋಸುವುದು, ಕಟ್ಟು ಬಸಿಯುವುದು. ನಾರು ಕಡಿಮೆ ಮಾಡುವ ಕೆಲಸ ಅಂದರೆ ಇಷ್ಟೇ, ಇದೆಲ್ಲ ಅವಳ ಕೈಗೆ ಗೊತ್ತಿತ್ತು. ಬೆಳಿಗ್ಗೆ ಮೆತ್ತನೆ ಇಡ್ಲಿ ಅಥವಾ ನೀರುದೋಸೆ. ಹತ್ತು ಗಂಟೆಗೆ ಸಬ್ಬಕ್ಕಿ ಗಂಜಿ. ಮಧ್ಯಾಹ್ನ ಅನ್ನ, ಹೆಸರುಬೇಳೆ ಕಟ್ಟಿನ ಸಾರು, ಜೊತೆಗೆ ಬೂದುಗುಂಬಳವೋ ಸೀಮೆಬದನೆಯೋ ಸೋರೆಯೋ, ಸಿಪ್ಪೆ ಬೀಜ ಎರಡೂ ತೆಗೆದು ಬೇಯಿಸಿದ್ದು. ಹೀರೆಕಾಯಿಯ ತಿರುಳು ನನಗೆ; ಅದರ ಸಿಪ್ಪೆಯಲ್ಲಿ ಅಮ್ಮ ಚಟ್ನಿ ಮಾಡಿ, ನನ್ನೆದುರಿಗೇ ಮನೆಯವರೆಲ್ಲ ನೆಕ್ಕಿಕೊಂಡು ತಿಂದರು. ಸಾಯಂಕಾಲ ಚೆನ್ನಾಗಿ ಮಾಗಿದ ಬಾಳೆಹಣ್ಣು, ಇಲ್ಲವೆ ಸಿಪ್ಪೆ ತೆಗೆದು ಬೇಯಿಸಿದ ಸೇಬು.

ನಾನು ಎಣಿಸದೇ ಇದ್ದ ಕಷ್ಟ ಒಗ್ಗರಣೆಯದು. ಸಾಸಿವೆ, ಕರಿಬೇವು, ಕಡಲೆಬೇಳೆ, ಒಣಮೆಣಸಿನಕಾಯಿ, ಮೇಲೆ ತುರಿದ ಕಾಯಿ, ಕೊತ್ತಂಬರಿ ಸೊಪ್ಪು: ನಮ್ಮ ಅಡುಗೆಯ ರುಚಿಯೆಲ್ಲ ಇಲ್ಲೇ ಇದೆ, ಬೇಡವಾದದ್ದೂ ಇಲ್ಲೇ. ಮೂರು ದಿನ ಸಪ್ಪೆ ತಿಂದು ಮುಖ ಸಿಂಡರಿಸಿದ ಮೇಲೆ ಅಮ್ಮ ದಾರಿ ಹುಡುಕಿದಳು. ಎಣ್ಣೆಯಲ್ಲಿ ಸಾಸಿವೆ ಕರಿಬೇವು ಸಿಡಿಸಿ, ಸೋಸಿ, ಆ ಎಣ್ಣೆಯನ್ನಷ್ಟೇ ಸಾರಿಗೆ ಹಾಕಿದಳು. ಇಂಗು, ಚಿಟಿಕೆ ಜೀರಿಗೆ ಪುಡಿ. ಕಾಯಿ ತುರಿಯ ಬದಲು ಹಿಂಡಿ ಸೋಸಿದ ತೆಂಗಿನಹಾಲು. ಆ ದಿನ ಊಟ ಊಟದ ಹಾಗಿತ್ತು.

ಪ್ರೋಟೀನಿನದು ನಿಜವಾದ ತಲೆನೋವು. ನನಗೆ ಅದು ಸಿಗುತ್ತಿದ್ದದ್ದೇ ಕಾಳುಗಳಿಂದ. ಕಾಳುಗಳಲ್ಲಿ ನಾರೂ ಜಾಸ್ತಿ, ಹೊಟ್ಟೆ ಉಬ್ಬರವೂ ಜಾಸ್ತಿ. ಕಟ್ಟಿನಲ್ಲಿ ಬರುವುದು ಅಲ್ಪ. ಮೇಡಂ ತೋರಿಸಿದ ದಾರಿ ಟೋಫು. ಸೋಯಾ ಅರೆದು ಸೋಸಿದ ಹಾಲನ್ನೇ ಗಟ್ಟಿ ಮಾಡುವುದರಿಂದ ಚರಟದ ಜೊತೆ ನಾರು ಹೊರಟುಹೋಗಿರುತ್ತದೆ. ಮೆತ್ತನೆಯ ಟೋಫುವನ್ನು ಅನ್ನಕ್ಕೆ ಕಿವುಚಿ ತಿಂದೆ, ಸಾರಿನಲ್ಲಿ ಬೇಯಿಸಿ ತಿಂದೆ. ಇಷ್ಟವಾಯಿತು ಅಂತ ಸುಳ್ಳು ಹೇಳಲಾರೆ. ಬಿ12 ಮಾತ್ರೆ ಮೊದಲಿನಿಂದಲೂ ನುಂಗುತ್ತಿದ್ದೆ, ಅದನ್ನು ಬಿಡಲಿಲ್ಲ.

ಐದನೇ ದಿನದಿಂದ ಇನ್ನೊಂದು ಕಾಟ: ಮಲಬದ್ಧತೆ. ನಾರಿಲ್ಲದ ಮೇಲೆ ಅದು ಬರುವುದೇ. ಗಾಬರಿಯಾಗಿ ಇಸಬಗೋಲು ತರಿಸಲು ಹೊರಟಿದ್ದೆ, ಅದೂ ನಾರೇ ಅಂತ ಆಮೇಲೆ ಹೊಳೆಯಿತು. ಮೇಡಂಗೆ ಫೋನು ಮಾಡಿದರೆ, ನೀರು ಹೆಚ್ಚಿಸಿ, ಪಪ್ಪಾಯಿ ಎರಡು ಹೋಳು ತಿನ್ನಿ, ಊಟವಾದ ಮೇಲೆ ನಡೆದಾಡಿ ಅಂದರು. ಎರಡು ದಿನಕ್ಕೆ ಸರಿಹೋಯಿತು. ಹಸಿವು ಮಾತ್ರ ಸರಿಹೋಗಲಿಲ್ಲ. ಬಿಳಿ ಅನ್ನ ಎರಡು ಗಂಟೆ ನಿಲ್ಲುವುದಿಲ್ಲ, ದಿನಕ್ಕೆ ಆರು ಸಲ ತಿಂದರೂ ಎರಡು ಕೆಜಿ ಇಳಿದೆ. ನನಗೆ ಸಕ್ಕರೆ ಕಾಯಿಲೆ ಇಲ್ಲ. ಇರುವವರು ಇದೇ ಪಟ್ಟಿ ಹಿಡಿದರೆ ಶುಗರ್ ಏರುತ್ತದೆ, ಅವರಿಗೆ ಬೇರೆಯೇ ಲೆಕ್ಕ ಬೇಕು.

ಎರಡನೇ ವಾರ ಅಮ್ಮ ಹಿತಕಿದ ಬೇಳೆ ಸಾರು ಮಾಡಿದಳು. "ಸಿಪ್ಪೆ ತೆಗೆದಿದ್ದೀನಲ್ಲ, ಇನ್ನೇನು?" ವಾದ ಚೆನ್ನಾಗಿತ್ತು. ಸಿಪ್ಪೆ ಹೋದರೂ ಬೇಳೆಯಲ್ಲಿ ನಾರಿದೆ, ಗ್ಯಾಸೂ ಇದೆ. ಬಟ್ಟಲು ಬೇರೆಯವರ ಪಾಲಾಯಿತು. ಅದಕ್ಕೆ ಬದಲಾಗಿ ಮೇಡಂ ಒಪ್ಪಿದ್ದು ರಾಗಿ ಸರಿ: ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ವಸ್ತ್ರಗಾಳಿತ ಮಾಡಿದ ಹಿಟ್ಟು. ಹೊಟ್ಟು ಬಟ್ಟೆಯ ಮೇಲೇ ಉಳಿಯುತ್ತದೆ. ದಿನಕ್ಕೆ ಒಂದು ಸಣ್ಣ ಲೋಟ. ನಲವತ್ತೆಂಟರ ವಯಸ್ಸಿನಲ್ಲಿ ಕೂಸಿನ ಸರಿ ಕುಡಿದು ಕಣ್ಣಲ್ಲಿ ನೀರು ಬಂತು, ಅಷ್ಟು ಹಿತವಾಗಿತ್ತು.

ಸಂಕ್ರಾಂತಿ 16ನೇ ದಿನಕ್ಕೆ ಬಿತ್ತು. ಎಳ್ಳು, ಕಡಲೆಬೀಜ, ಹುರಿಗಡಲೆ, ಕೊಬ್ಬರಿ. ಬೆಲ್ಲದ ಚೂರು, ಸಕ್ಕರೆ ಅಚ್ಚು ಬಿಟ್ಟರೆ ಎಲ್ಲವೂ ನಿಷಿದ್ಧ. ಎಳ್ಳು ಬೀರಲು ಬಂದ ಪಕ್ಕದ ಮನೆಯವರು, ಈ ಕಾಯಿಲೆ ಇದ್ದವರು ಜನ್ಮದಲ್ಲಿ ಬೀಜ ಮುಟ್ಟಬಾರದು, ಚೀಲದಲ್ಲಿ ಸಿಕ್ಕಿಕೊಳ್ಳುತ್ತೆ ಅಂತ ಹೆದರಿಸಿ ಹೋದರು. ಡಾಕ್ಟರನ್ನು ಕೇಳಿದೆ. ಅದು ಹಳೆಯ ನಂಬಿಕೆ ಅಂದರು. ಅಮೆರಿಕದಲ್ಲಿ 47 ಸಾವಿರ ಗಂಡಸರನ್ನು 18 ವರ್ಷ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೀಜ, ಪಾಪ್‌ಕಾರ್ನ್ ತಿಂದವರಿಗೆ ಈ ತೊಂದರೆ ಹೆಚ್ಚಾಗಿರಲಿಲ್ಲವಂತೆ. ಈಗ ಬೇಡ, ಮುಂದೆ ತಿನ್ನಿ ಅಂದರು. ನನ್ನ ಪಾಲನ್ನು ಒಂದು ಡಬ್ಬಿಗೆ ಹಾಕಿಟ್ಟೆ.

ವಾಪಸ್ ಬರುವುದನ್ನು ಅವಸರ ಮಾಡಲಿಲ್ಲ. ನೋವಿಲ್ಲ, ಜ್ವರವಿಲ್ಲ ಅಂತ ಖಾತ್ರಿಯಾದ ಮೇಲೆ 19ನೇ ದಿನ ಸೋಸದ ಹೆಸರುಬೇಳೆ ತೊವ್ವೆ. ಮೂರು ದಿನ ಬಿಟ್ಟು ದಂಟಿನ ಸೊಪ್ಪು, ದಂಟು ಬಿಟ್ಟು ಎಲೆ ಮಾತ್ರ. ಆಮೇಲೆ ನಿಂಬೆಹಣ್ಣಿನ ಗಾತ್ರದ ಮುದ್ದೆ. ಒಂದು ಸಲ ಆಸೆಗೆ ಬಿದ್ದು ಹುರುಳಿಕಾಳಿನ ಬಸ್ಸಾರು ಉಂಡು ರಾತ್ರಿಯೆಲ್ಲ ಹೊಟ್ಟೆ ಉಬ್ಬರಿಸಿ ಒದ್ದಾಡಿದೆ. ಮತ್ತೆ ಎರಡು ದಿನ ಗಂಜಿಗೆ ಇಳಿದೆ. ಪೂರ್ತಿ ಊಟಕ್ಕೆ ಬರಲು ಇನ್ನೂ ಮೂರು ವಾರ ಬೇಕಾಯಿತು. ಈ ಕಾಯಿಲೆ ಮರುಕಳಿಸದಿರಲು ನಾರೇ ಬೇಕು, ಹಾಗಾಗಿ ಬಿಳಿ ಅನ್ನದಲ್ಲೇ ಆರಾಮ ಅಂತ ಅಲ್ಲೇ ಉಳಿಯುವ ಹಾಗೂ ಇರಲಿಲ್ಲ.

ಏಳನೇ ವಾರ ಕೊಲೊನೋಸ್ಕೋಪಿ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಕೊಳವೆ ಬಿಟ್ಟು ನೋಡುವ ಪರೀಕ್ಷೆ. ಅದಕ್ಕೆ ಮುಂಚೆ ಮತ್ತೆ ಮೂರು ದಿನ ಅದೇ ಊಟ. ಈ ಸಲ ಹಾಳೆಯನ್ನು ಓದಲೂ ಇಲ್ಲ. ವರದಿ ಚೆನ್ನಾಗಿ ಬಂತು. ಒಂದು ವಾರ ಕಳೆದು ಡಬ್ಬಿ ತೆಗೆದೆ. ಕೊಬ್ಬರಿ ಕಮಟು ಹಿಡಿದಿತ್ತು. ಅದನ್ನು ಆರಿಸಿ ಎಸೆದು, ಎಳ್ಳು ಬೆಲ್ಲ ನುಣ್ಣಗೆ ಅಗಿದು ತಿಂದೆ.